ರಕ್ತಪಿಶಾಚಿಯನ್ನು ಬ್ಲೂ-ರೇಯಲ್ಲೇ ನೋಡಿ

ಜಾನ್ ಲ್ಯಾಂಡಿಸ್ ನಿರ್ದೇಶನದ ‘ಇನ್ನೊಸೆಂಟ್ ಬ್ಲಡ್’ 1992ರ ಚಿತ್ರ. ಪಿಟ್ಸ್‌ಬರ್ಗ್ ನಗರದ ಮಾಫಿಯಾದವರ ರಕ್ತ ಕುಡಿದೇ ಬದುಕುವ ಫ್ರೆಂಚ್ ರಕ್ತಪಿಶಾಚಿ ಮರೀ ಇದರ ನಾಯಕಿ. ಅಮಾಯಕರನ್ನು ಮುಟ್ಟಬಾರದು, ಕಚ್ಚಿಸಿಕೊಂಡವನು ಮತ್ತೆ ಎದ್ದು ಬರಬಾರದು: ಇದು ಅವಳ ನಿಯಮ. ಡಾನ್ ಮಸೆಲ್ಲಿಯ ವಿಷಯದಲ್ಲಿ ಎರಡನೆಯದು ತಪ್ಪುತ್ತದೆ. ಶವಾಗಾರದಲ್ಲಿ ಎದ್ದು ಕುಳಿತ ಅವನು ತನ್ನ ಗ್ಯಾಂಗನ್ನೇ ಪಿಶಾಚಿಗಳ ಪಡೆ ಮಾಡಲು ಹೊರಡುತ್ತಾನೆ. ರಾಬರ್ಟ್ ಲೋಜಿಯಾ ಈ ಪಾತ್ರವನ್ನು ಅಬ್ಬರಿಸಿ ಆಡಿದ ರೀತಿಗಾಗಿಯೇ ಚಿತ್ರ ನೋಡಬೇಕು ಎನ್ನುವವನು ನಾನು. ವಕೀಲನಾಗಿ ಡಾನ್ ರಿಕಲ್ಸ್ ಆಸ್ಪತ್ರೆಯಲ್ಲಿ ಬಿಸಿಲಿಗೆ ಸಿಕ್ಕುವ ದೃಶ್ಯ ನಗಿಸುತ್ತಲೇ ಬೆಚ್ಚಿಬೀಳಿಸುತ್ತದೆ.

ಕೊಳ್ಳುವ ಮುನ್ನ ಒಂದು ಮಾತು. ಹಳೆಯ ಡಿವಿಡಿಯಲ್ಲಿ ಚಿತ್ರವನ್ನು ಹಳೇ ಟಿ.ವಿ.ಯ ಅಳತೆಗೆ ಹೊಂದಿಸಿದ್ದರು. ಅಗಲ ಪರದೆಗೆಂದೇ ಚಿತ್ರಿಸಿದ ರಾತ್ರಿಯ ಬೀದಿಗಳಿಗೆ ಅದು ಅನ್ಯಾಯ. ವಾರ್ನರ್ ಆರ್ಕೈವ್ 2017ರಲ್ಲಿ ಹೊರತಂದ ಬ್ಲೂ-ರೇಯನ್ನೇ ಹುಡುಕಿ. ವಿದೇಶದಿಂದ ತರಿಸುವ ಯಾವುದೇ ಡಿಸ್ಕ್‌ನ ರೀಜನ್ ಕೋಡ್ ನೋಡಿಕೊಳ್ಳಿ. ಬ್ಲೂ-ರೇ ಲೆಕ್ಕದಲ್ಲಿ ಅಮೆರಿಕ ‘ಎ’, ಭಾರತ ‘ಸಿ’.

ನೋಡುವಾಗ ಹಿನ್ನೆಲೆಯ ಟಿ.ವಿ.ಗಳ ಮೇಲೂ ಕಣ್ಣಿರಲಿ, ಹಳೆಯ ಭಯಾನಕ ಚಿತ್ರಗಳ ತುಣುಕುಗಳು ಅಲ್ಲಿ ಓಡುತ್ತಿರುತ್ತವೆ. ಸ್ಯಾಮ್ ರೈಮಿ, ಡಾರಿಯೊ ಅರ್ಜೆಂಟೊ ಅವರಂಥ ನಿರ್ದೇಶಕರೂ ಪುಟ್ಟ ಪಾತ್ರಗಳಲ್ಲಿ ಇಣುಕುತ್ತಾರೆ. ರಕ್ತಪಾತ, ನಗ್ನತೆ ಎರಡೂ ಧಾರಾಳವಾಗಿವೆ. ಮಕ್ಕಳು ಮಲಗಿದ ಮೇಲೆಯೇ ಹಾಕಿ.