ಬೊಜ್ಜಿದ್ದವರಿಗೆ ವೈರಸ್ ಜ್ವರ: ಟೇಪಿನ ಅಳತೆಯಿಂದ ಆಸ್ಪತ್ರೆಯವರೆಗೆ

ಹೊಟ್ಟೆಯಲ್ಲಿ ಸೇರಿಕೊಂಡ ಬೊಜ್ಜು ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಅಂಗಾತ ಮಲಗಿದಾಗ ಈ ಒತ್ತಡ ಇನ್ನೂ ಜಾಸ್ತಿ. ಶ್ವಾಸಕೋಶದ ಕೆಳಭಾಗ ಪೂರ್ತಿ ಅರಳುವುದೇ ಇಲ್ಲ. ಇನ್‌ಫ್ಲುಯೆಂಜಾ ಅಥವಾ ಕೊರೊನಾ ವೈರಸ್ ಅಂಥ ಶ್ವಾಸಕೋಶಕ್ಕೆ ಇಳಿದರೆ ರಕ್ತದಲ್ಲಿನ ಆಮ್ಲಜನಕ ಬೇಗ ಕುಸಿಯುತ್ತದೆ. ಜೊತೆಗೆ ಬೊಜ್ಜು ಮೈಯಲ್ಲಿ ಸದಾ ಸಣ್ಣಮಟ್ಟದ ಉರಿಯೂತ ಉಳಿಸಿರುತ್ತದೆ, ವೈರಸ್ಸಿಗೆ ದೇಹ ಒಡ್ಡುವ ಮೊದಲ ಪ್ರತಿರೋಧವನ್ನು ತಡಮಾಡುತ್ತದೆ, ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. 2009ರ ಎಚ್1ಎನ್1 ಹಾವಳಿಯಲ್ಲಿ ಬೊಜ್ಜಿದ್ದವರಿಗೆ ಇಂಥ ಸೋಂಕು ಹೆಚ್ಚು ತೀವ್ರವಾಗುವುದು ವೈದ್ಯರ ಗಮನಕ್ಕೆ ಬಂತು, ಕೋವಿಡ್ ಕಾಲದಲ್ಲಿ ಅದು ಖಚಿತವಾಯಿತು.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಬರದ ಸೀಮೆ. ಇಲ್ಲಿನವರಿಗೆ ಬೊಜ್ಜೆಲ್ಲಿಂದ ಬರಬೇಕು ಎಂಬ ಮಾತಿದೆ. ಆ ನಂಬಿಕೆ ಅಪಾಯಕಾರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 30ರಷ್ಟು ಮಂದಿಯ ತೂಕ ಮಿತಿ ಮೀರಿತ್ತು.

ಮೊದಲ ಕೆಲಸ ಅಳತೆ. ದರ್ಜಿಯ ಟೇಪನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯಕ್ಕೆ ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ನೋಡಬೇಕು. ಹೊಟ್ಟೆ ಎಳೆದುಕೊಳ್ಳಬಾರದು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಬೇಕು. ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ: 1.60 ಮೀಟರ್ ಎತ್ತರ, 70 ಕೆ.ಜಿ. ತೂಕ ಇದ್ದವರಿಗೆ ಅದು 27.3. ಭಾರತೀಯರಿಗೆ 23ರಿಂದ ಹೆಚ್ಚುತೂಕ, 25ರಿಂದ ಬೊಜ್ಜು ಎಂದು ಲೆಕ್ಕ.

ಅಳತೆ ಮೀರಿದ್ದರೆ ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಬೇಕು. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆಯೂ ಅಲ್ಲೇ ವೈದ್ಯರನ್ನು ಕೇಳುವುದು ಒಳ್ಳೆಯದು.

ತೂಕ ಇಳಿಸಲು ರಾಗಿ ಬಿಡಬೇಕಾಗಿಲ್ಲ, ಮುದ್ದೆಯ ಗಾತ್ರ ಇಳಿಯಬೇಕು. ಸಣ್ಣದೊಂದು ಮುದ್ದೆಗೆ ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ ಧಾರಾಳವಾಗಿರಲಿ. ಮುದ್ದೆ ಉಂಡ ಮೇಲೆ ತಟ್ಟೆ ತುಂಬ ಅನ್ನ ಬೇಡ. ಬೋಂಡ, ಬೇಕರಿ ತಿಂಡಿ, ಸಕ್ಕರೆ ಕಾಫಿ ಕಡಿಮೆಯಾಗಬೇಕು. ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ ಸಾಕು. ಕೊರಟಗೆರೆ ಬಳಿಯ ಸಿದ್ದರಬೆಟ್ಟದ ಮೆಟ್ಟಿಲು ಹತ್ತುವ ಉತ್ಸಾಹ ಇದ್ದವರು ಮೊದಲು ಬಯಲಲ್ಲಿ ಅಭ್ಯಾಸ ಮಾಡಿಕೊಳ್ಳಬೇಕು. ಒಟ್ಟು ತೂಕದ ಇಪ್ಪತ್ತನೇ ಒಂದು ಭಾಗ ಇಳಿದರೂ ಸಕ್ಕರೆ, ಬಿಪಿ ಹತೋಟಿಗೆ ಬರಲು ಸಹಾಯವಾಗುತ್ತದೆ.

ಜ್ವರ, ಕೆಮ್ಮು ಶುರುವಾದಾಗ ಕಾಯುತ್ತ ಕೂರುವುದೇ ದೊಡ್ಡ ತಪ್ಪು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಅದು ಬೇಕೇ ಎಂದು ತೀರ್ಮಾನಿಸುವುದು ವೈದ್ಯರು. ಸಿದ್ದರಬೆಟ್ಟ ಗಿಡಮೂಲಿಕೆಗೆ ಹೆಸರಾದ ಜಾಗ. ಬಿಸಿ ಕಷಾಯ ಗಂಟಲಿಗೆ ಹಿತ ಕೊಟ್ಟೀತು, ಆದರೆ ಆ ಎರಡು ದಿನಗಳನ್ನು ಕಷಾಯದಲ್ಲೇ ಕಳೆಯಬಾರದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಸ್ಟೀರಾಯ್ಡ್ ನುಂಗುವುದಂತೂ ಬೇಡವೇ ಬೇಡ. ಆಮ್ಲಜನಕ ಸರಿಯಿರುವಾಗ ಅದರಿಂದ ಲಾಭವಿಲ್ಲ, ಸಕ್ಕರೆ ಮಾತ್ರ ಏರುತ್ತದೆ.

ಮನೆಯಲ್ಲಿ ಪಲ್ಸ್ ಆಕ್ಸಿಮೀಟರ್ ಇದ್ದರೆ ದಿನಕ್ಕೆ ಮೂರು-ನಾಲ್ಕು ಸಲ ರಕ್ತದ ಆಮ್ಲಜನಕದ ಮಟ್ಟ ನೋಡಬೇಕು. ಬೆರಳಿನಲ್ಲಿ ಮೆಹಂದಿ, ಉಗುರುಬಣ್ಣ ಇರಬಾರದು, ಕೈ ಬೆಚ್ಚಗಿರಬೇಕು, ಅಂಕಿ ನಿಲ್ಲುವ ತನಕ ಅಲ್ಲಾಡಬಾರದು. ಅಂಗಾತ ಮಲಗುವ ಬದಲು ದಿಂಬಿಗೆ ಒರಗಿ ಅಥವಾ ಮಗ್ಗುಲಾಗಿ ಮಲಗಿದರೆ ಉಸಿರು ಹಗುರಾಗುತ್ತದೆ.

ಆಮ್ಲಜನಕದ ಅಂಕಿ 94ಕ್ಕಿಂತ ಇಳಿದರೆ, ಒಂದು ಮಾತು ಮುಗಿಸುವಷ್ಟರಲ್ಲಿ ಏದುಸಿರು ಬಂದರೆ, ಎದೆ ನೋವು, ಮಂಪರು, ತುಟಿ ನೀಲಿಗಟ್ಟುವುದು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಆದರೆ ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ದೊಡ್ಡ ಆಸ್ಪತ್ರೆ ಬೇಕಾದೀತು ಎನಿಸಿದರೆ ರಾತ್ರಿಯಾಗುವ ತನಕ ಮುಂದೂಡದೆ ಹಗಲಲ್ಲೇ ಹೊರಡಬೇಕು. ರೋಗಿಯ ತೂಕ, ನಿತ್ಯ ನುಂಗುವ ಮಾತ್ರೆಗಳು, ಜೋರು ಗೊರಕೆ ಅಥವಾ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಇದ್ದರೆ ಅದನ್ನೂ ಹೋದ ಕೂಡಲೇ ವೈದ್ಯರಿಗೆ ತಿಳಿಸಬೇಕು.