ಗಾಯಕ್ಕೊಂದು ಹಂದರ: ಚರ್ಮವನ್ನು ಮತ್ತೆ ಬೆಳೆಸುವ ನೈಸರ್ಗಿಕ ಪಾಲಿಮರ್‌ಗಳು

ಚರ್ಮವು ಮಾನವ ಶರೀರದ ಅತ್ಯಂತ ದೊಡ್ಡ ಅಂಗ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವ ರೀತಿಯಲ್ಲಿ ಗರ್ಭಸ್ಥ ಶಿಶುವಿಗೆ ಚರ್ಮವು ಪದರ ಪದರವಾಗಿ ಮೂಡುತ್ತದೆಂದು ಸುಶ್ರುತಾಚಾರ್ಯರು ತಮ್ಮ ಸಂಹಿತೆಯ ಶಾರೀರಸ್ಥಾನದಲ್ಲಿ ವಿವರಿಸಿ, ಅಂತಹ ಏಳು ಪದರಗಳನ್ನು ಹೆಸರಿಸಿದ್ದಾರೆ. ಆಧುನಿಕ ವೈದ್ಯಶಾಸ್ತ್ರವು ಮುಖ್ಯವಾಗಿ ಎರಡನ್ನು ಹೇಳುತ್ತದೆ: ಮೇಲಿನ ತೆಳುವಾದ ಹೊರಚರ್ಮ, ಕೆಳಗಿನ ದಪ್ಪನಾದ ಒಳಚರ್ಮ. ಹೊರಚರ್ಮ ತರಚಿಹೋದರೆ ಕೆಲವೇ ದಿನಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ಒಳಚರ್ಮದ ಸ್ವಭಾವ ಹಾಗಲ್ಲ. ಬೆಂಕಿಯಿಂದಲೋ ಆಳವಾದ ಹುಣ್ಣಿನಿಂದಲೋ ಅದು ಪೂರ್ಣವಾಗಿ ನಾಶವಾದರೆ ಅಲ್ಲಿ ಹೊಸ ಒಳಚರ್ಮ ಹುಟ್ಟುವುದಿಲ್ಲ. ಕಲೆ ಮಾತ್ರ ಉಳಿಯುತ್ತದೆ. ನಾಶವಾದ ಅಂಗಾಂಶವನ್ನು ಮತ್ತೆ ಬೆಳೆಸಲು ಸಾಧ್ಯವೇ ಎಂಬ ಪ್ರಶ್ನೆಗೆ ಕಳೆದ ಶತಮಾನದ ಕೊನೆಯಲ್ಲಿ ದೊರೆತ ಒಂದು ಉತ್ತರವನ್ನು ಈ ಸಂಚಿಕೆಯಲ್ಲಿ ಪರಿಶೀಲಿಸೋಣ.

ಪಾಲಿಮರ್ ಎಂದೊಡನೆ ಪ್ಲಾಸ್ಟಿಕ್ ನೆನಪಿಗೆ ಬರುವುದು ಸಹಜ. ಆದರೆ ಮಾಲೆಯಲ್ಲಿ ರುದ್ರಾಕ್ಷಿಯ ಮಣಿಗಳನ್ನು ಪೋಣಿಸಿದಂತೆ, ಚಿಕ್ಕ ಚಿಕ್ಕ ಅಣುಗಳು ಒಂದಕ್ಕೊಂದು ಜೋಡಿಸಿಕೊಂಡು ಆದ ಉದ್ದನೆಯ ಸರಪಳಿಗೆಲ್ಲ ಇದೇ ಹೆಸರು. ಹತ್ತಿಯ ನಾರು, ರೇಷ್ಮೆಯ ಎಳೆ, ಅಕ್ಕಿಯ ಪಿಷ್ಟ, ನಮ್ಮ ತಲೆಗೂದಲು ಇವೆಲ್ಲವೂ ಪ್ರಕೃತಿಯೇ ನಿರ್ಮಿಸಿದ ಪಾಲಿಮರ್‌ಗಳು. ನಮ್ಮ ಶರೀರದಲ್ಲಿರುವ ಪ್ರೋಟೀನುಗಳ ಪೈಕಿ ಸುಮಾರು ಮೂರನೆಯ ಒಂದು ಭಾಗ ಕೊಲಾಜೆನ್ ಎಂಬ ಪಾಲಿಮರ್. ಮೂರು ಎಳೆಗಳನ್ನು ಸೇರಿಸಿ ಹಗ್ಗ ಹೊಸೆದಂತೆ ಅದರ ರಚನೆ. ಚರ್ಮದ ಬಿಗುವಿಗೂ ಮೂಳೆಯ ಗಟ್ಟಿತನಕ್ಕೂ ಸ್ನಾಯುರಜ್ಜುಗಳ ಬಲಕ್ಕೂ ಅದೇ ಆಧಾರ.

ಗಾಯವಾದಾಗ ಶರೀರ ಮೊದಲು ಮಾಡುವ ಕೆಲಸವೆಂದರೆ ರಂಧ್ರವನ್ನು ಮುಚ್ಚುವುದು. ರಕ್ತ ಹೆಪ್ಪುಗಟ್ಟುತ್ತದೆ, ಬಾವು ಬರುತ್ತದೆ, ಬಳಿಕ ಕೆಲವು ಜೀವಕೋಶಗಳು ಬಂದು ಅವಸರದಲ್ಲಿ ಕೊಲಾಜೆನ್ ನೇಯುತ್ತವೆ. ಆರೋಗ್ಯವಂತ ಚರ್ಮದಲ್ಲಿ ಕೊಲಾಜೆನ್ ಬುಟ್ಟಿ ಹೆಣೆದಂತೆ ಎಲ್ಲ ದಿಕ್ಕಿಗೂ ಹರಡಿರುತ್ತದೆ. ಕಲೆಯಲ್ಲಾದರೋ ಎಳೆಗಳೆಲ್ಲ ಒಂದೇ ದಿಕ್ಕಿಗೆ ಒತ್ತಾಗಿ ಮಲಗಿರುತ್ತವೆ. ಜೊತೆಗೆ ಗಾಯದ ಅಂಚುಗಳನ್ನು ಒಳಕ್ಕೆ ಎಳೆಯುವ ಜೀವಕೋಶಗಳೂ ಇವೆ. ಚಿಕ್ಕ ಗಾಯಕ್ಕೆ ಈ ಎಳೆತ ಉಪಕಾರಿ. ದೊಡ್ಡ ಸುಟ್ಟಗಾಯದಲ್ಲಿ ಅದೇ ಶಾಪ. ಒಲೆಯ ಬಳಿ ಸೆರಗಿಗೆ ಬೆಂಕಿ ಹತ್ತಿದ ಹೆಣ್ಣುಮಕ್ಕಳು ಬದುಕಿ ಉಳಿದ ಮೇಲೂ ಗದ್ದವು ಎದೆಗೆ ಅಂಟಿದಂತಾಗಿ ಕತ್ತೆತ್ತಲಾರದಿರುವುದನ್ನು, ಮಕ್ಕಳ ಮೊಣಕೈ ಮಡಿಸಿದಂತೆಯೇ ನಿಂತಿರುವುದನ್ನು ನನ್ನ ವೃತ್ತಿಜೀವನದಲ್ಲಿ ಅನೇಕ ಬಾರಿ ಕಂಡಿದ್ದೇನೆ.

ಅಮೆರಿಕದ ಬಾಸ್ಟನ್ ನಗರದಲ್ಲಿ ಜಾನ್ ಬರ್ಕ್ ಎಂಬ ಶಸ್ತ್ರವೈದ್ಯರು ಸುಟ್ಟಗಾಯದ ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು. ಶರೀರದ ಬಹುಭಾಗ ಸುಟ್ಟವರಿಗೆ ಚರ್ಮಕಸಿ ಮಾಡಲು ಅವರ ಮೈಮೇಲೆ ಒಳ್ಳೆಯ ಚರ್ಮವೇ ಸಾಕಷ್ಟು ಉಳಿದಿರುವುದಿಲ್ಲ. ಬರ್ಕ್ ಅವರು ಸಮೀಪದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಪಾಲಿಮರ್‌ಗಳ ವಿಷಯದಲ್ಲಿ ಪರಿಣತರಾಗಿದ್ದ, ಗ್ರೀಸ್ ಮೂಲದ ಅಯೋನಿಸ್ ಯಾನಸ್ ಅವರೊಡನೆ ಕೂಡಿಕೊಂಡರು. ಅವರು ಮೊದಲು ಹುಡುಕಿದ್ದು ನೀರಿನಂಶ ಸೋರಿಹೋಗದಂತೆ, ನಂಜು ಒಳಗೆ ಸೇರದಂತೆ ತಡೆಯುವ ಒಂದು ಹೊದಿಕೆಯನ್ನು. ದನದ ಸ್ನಾಯುರಜ್ಜುವಿನಿಂದ ತೆಗೆದ ಕೊಲಾಜೆನ್ನಿಗೆ ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ಪಡೆದ ಒಂದು ಸಕ್ಕರೆ ಸರಪಳಿಯನ್ನು ಸೇರಿಸಿ, ಸೂಕ್ಷ್ಮ ರಂಧ್ರಗಳುಳ್ಳ ಸ್ಪಂಜಿನಂತಹ ಹಾಳೆಯನ್ನು ಮಾಡಿದರು. ಅದರ ಮೇಲೆ ತೆಳುವಾದ ಸಿಲಿಕೋನ್ ಪದರ. ಶರೀರದ ಅರ್ಧ ಅಥವಾ ಅದಕ್ಕೂ ಹೆಚ್ಚು ಭಾಗ ಸುಟ್ಟಿದ್ದ 10 ರೋಗಿಗಳಲ್ಲಿ ಇದನ್ನು ಬಳಸಿದ ವಿವರಗಳು 1981ರಲ್ಲಿ ಪ್ರಕಟವಾದವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1996ರಲ್ಲಿ ಇದಕ್ಕೆ ಒಪ್ಪಿಗೆ ನೀಡಿತು.

ಆ ಹಾಳೆ ಕೇವಲ ಹೊದಿಕೆಯಾಗಿ ಉಳಿಯಲಿಲ್ಲ ಎಂಬುದೇ ವಿಶೇಷ. ಗಾಯದ ತಳದಿಂದ ರೋಗಿಯ ಸ್ವಂತ ಜೀವಕೋಶಗಳೂ ಸೂಕ್ಷ್ಮ ರಕ್ತನಾಳಗಳೂ ಅದರ ರಂಧ್ರಗಳೊಳಗೆ ಹಬ್ಬಿದವು. ಎರಡು ಮೂರು ವಾರಗಳಲ್ಲಿ ಒಳಗಡೆ ಕಲೆಯ ಬದಲು ಒಳಚರ್ಮವನ್ನೇ ಹೋಲುವ ಅಂಗಾಂಶ ಬೆಳೆದಿತ್ತು. ಆಗ ಸಿಲಿಕೋನನ್ನು ಬಿಡಿಸಿ ತೆಗೆದು, ರೋಗಿಯದೇ ಅತಿ ತೆಳುವಾದ ಹೊರಚರ್ಮವನ್ನು ಕಸಿ ಮಾಡಿದರೆ ಸಾಕು. ಹಾಕಿದ ಕೊಲಾಜೆನ್ ಕ್ರಮೇಣ ಕರಗಿಹೋಗುತ್ತದೆ. ನಮ್ಮ ಹಿತ್ತಲಿನ ಹೀರೆಬಳ್ಳಿಯ ಹಂದರವನ್ನು ನೆನೆಯಿರಿ. ಹಂದರ ಬೆಳೆಯುವುದಿಲ್ಲ, ಬೆಳೆಯುವುದು ಬಳ್ಳಿ. ಆದರೆ ಹಂದರವಿಲ್ಲದಿದ್ದರೆ ಬಳ್ಳಿ ನೆಲದ ಮೇಲೆ ಮುದ್ದೆಯಾಗುತ್ತದೆ. ಬಳ್ಳಿ ಗಟ್ಟಿಯಾದ ಮೇಲೆ ತಾನೇ ಕರಗಿಹೋಗುವ ಹಂದರವಿದು. ಹಾಗೆಂದು ಇದು ಪರಿಪೂರ್ಣವಲ್ಲ. ಹೊಸದಾಗಿ ಬೆಳೆದ ಚರ್ಮದಲ್ಲಿ ಬೆವರಿನ ಗ್ರಂಥಿಗಳಿರುವುದಿಲ್ಲ, ರೋಮಗಳು ಹುಟ್ಟುವುದಿಲ್ಲ. ನಂಜಾದ ಗಾಯದ ಮೇಲೆ ಹಾಕಿದರೆ ಹಾಳೆಯೇ ಕೊಳೆಯುತ್ತದೆ. ಬೆಲೆಯಂತೂ ಸಾಮಾನ್ಯರ ಕೈಗೆಟುಕದು.

ಗಾಯವನ್ನು ಮೊದಲು ಶುದ್ಧಗೊಳಿಸಿ ಆಮೇಲೆ ರೋಪಣ ಮಾಡಬೇಕೆಂಬುದು ನಮ್ಮ ಶಾಸ್ತ್ರದ ಕ್ರಮವೂ ಹೌದು. ವ್ರಣಕ್ಕೆ ಅರವತ್ತು ಉಪಕ್ರಮಗಳನ್ನು ಹೇಳಿದ ಸುಶ್ರುತರು ಹೊಲಿಗೆಗೆ ನಾರು, ಸ್ನಾಯು, ಕೂದಲು, ಅಮೃತಬಳ್ಳಿಯ ಎಳೆ ಮೊದಲಾದವನ್ನೂ, ಕಟ್ಟು ಕಟ್ಟುವುದಕ್ಕೆ ಹತ್ತಿ, ಉಣ್ಣೆ, ಚರ್ಮಗಳೊಂದಿಗೆ ಕೌಶೇಯವನ್ನೂ, ಅಂದರೆ ರೇಷ್ಮೆಯನ್ನೂ ಹೇಳಿದ್ದಾರೆ. ಇವೆಲ್ಲವೂ ನೈಸರ್ಗಿಕ ಪಾಲಿಮರ್‌ಗಳೇ. ಆದರೆ ಇಷ್ಟರಿಂದಲೇ ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಎದೆ ತಟ್ಟಿಕೊಳ್ಳುವುದು ನನಗೆ ಒಪ್ಪಿಗೆಯಲ್ಲ. ಜೀವಕೋಶಗಳು ಒಳಹೊಕ್ಕು ಬೆಳೆಯುವ ಹಂದರದ ಕಲ್ಪನೆ ಹೊಸದು. ಅದರ ಗೌರವ ಅದನ್ನು ಸಾಧಿಸಿದವರಿಗೇ ಸಲ್ಲಬೇಕು.

ರೇಷ್ಮೆಯ ಮಾತು ಬಂದಿದ್ದರಿಂದ ಇನ್ನೊಂದು ಸಂಗತಿ. ದೇಶದಲ್ಲಿಯೇ ಅತಿ ಹೆಚ್ಚು ರೇಷ್ಮೆ ಬೆಳೆಯುವುದು ನಮ್ಮ ಕರ್ನಾಟಕದಲ್ಲಿ. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನಲ್ಲಿ ಎರಡು ಪ್ರೋಟೀನುಗಳಿವೆ: ಒಳಗಿನ ಗಟ್ಟಿ ಎಳೆ ಫೈಬ್ರೋಯಿನ್, ಅದನ್ನು ಸುತ್ತಿರುವ ಅಂಟು ಸೆರಿಸಿನ್. ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಅಂಟನ್ನು ತೆಗೆದು, ಉಳಿದ ಫೈಬ್ರೋಯಿನನ್ನು ಲವಣದ ದ್ರಾವಣದಲ್ಲಿ ಕರಗಿಸಿದರೆ, ಅದನ್ನು ತೆಳು ಹಾಳೆಯಾಗಿಯೋ ಸ್ಪಂಜಾಗಿಯೋ ಲೋಳೆಯಾಗಿಯೋ ರೂಪಿಸಬಹುದು. ಶರೀರ ಅದನ್ನು ಸಹಿಸುತ್ತದೆ, ನಿಧಾನವಾಗಿ ಜೀರ್ಣಿಸಿಕೊಳ್ಳುತ್ತದೆ. ಚರ್ಮಕ್ಕೂ ಮೂಳೆಗೂ ಮೃದ್ವಸ್ಥಿಗೂ ರೇಷ್ಮೆಯ ಹಂದರ ಕಟ್ಟುವ ಪ್ರಯೋಗಗಳು ಅನೇಕ ದೇಶಗಳಲ್ಲಿ ನಡೆದಿವೆ.

ಇನ್ನು, ಭಕ್ತಾದಿಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ: “ಡಾಕ್ಟ್ರೇ, ಲಿಂಗ ಕಟ್ಟಿದ ಮೈಗೆ ದನದ ಚರ್ಮ, ಹಂದಿಯ ಅಂಗ ಹಾಕಿಸಿಕೊಳ್ಳಬಹುದೇ?” ಪ್ರಶ್ನೆ ಉಪೇಕ್ಷಿಸುವಂಥದಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ಸಿದ್ಧಪಡಿಸಿ 2023ರಲ್ಲಿ ಅನುಮತಿ ಪಡೆದ ಚರ್ಮದ ಗಾಯದ ಉತ್ಪನ್ನವೂ ಹಂದಿಯ ಪಿತ್ತಕೋಶದಿಂದ ಜೀವಕೋಶಗಳನ್ನು ತೊಳೆದು ತೆಗೆದು ಮಾಡಿದ್ದು. ರಕ್ತ ನಿಲ್ಲಿಸುವ ಕೈಟೋಸಾನ್ ಪಟ್ಟಿಯ ಮೂಲ ಸೀಗಡಿಯ ಚಿಪ್ಪು. ಧರ್ಮದ ನಿರ್ಣಯ ಹೇಳುವ ಅಧಿಕಾರ ನನ್ನದಲ್ಲ, ಅದು ಪೂಜ್ಯರಿಗೆ ಸೇರಿದ್ದು. ವೈದ್ಯನಾಗಿ ಹೇಳಬಹುದಾದದ್ದು ಇಷ್ಟು. ಶರೀರಕ್ಕೆ ಹಾಕುವ ವಸ್ತುವಿನ ಮೂಲವನ್ನು ಮೊದಲೇ ತಿಳಿಯುವುದು ರೋಗಿಯ ಹಕ್ಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಸಂಕೋಚವಿಲ್ಲದೆ ಕೇಳಿರಿ. ಬೇರೆ ಮಾರ್ಗಗಳೂ ಇವೆ. ರೋಗಿಯ ಸ್ವಂತ ಚರ್ಮದ ಕಸಿ ಇಂದಿಗೂ ಶ್ರೇಷ್ಠ. ಹೆರಿಗೆಯಲ್ಲಿ ಮಾಸಿನೊಂದಿಗೆ ಹೊರಬೀಳುವ ತೆಳು ಪೊರೆಯನ್ನು ತಾಯಿಯ ಒಪ್ಪಿಗೆಯಿಂದ ಪಡೆದು ಬಳಸುತ್ತಾರೆ. ಅದರಿಂದ ಯಾವ ಜೀವಿಗೂ ಹಿಂಸೆಯಿಲ್ಲ. ಕಂದು ಬಣ್ಣದ ಕಡಲಪಾಚಿಯಿಂದ ಬರುವ ಆಲ್ಜಿನೇಟ್ ಪಟ್ಟಿಯು ಸೋರುವ ಹುಣ್ಣಿನ ರಸವನ್ನು ಹೀರಿ ತಾನೇ ಲೋಳೆಯಾಗಿ ಗಾಯವನ್ನು ತೇವವಾಗಿಡುತ್ತದೆ. ಹಿಂದೆ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದ ಹಯಲುರಾನಿಕ್ ಆಮ್ಲವನ್ನು ಈಗ ಸೂಕ್ಷ್ಮಾಣುಗಳಿಂದ ತಯಾರಿಸುತ್ತಾರೆ. ರೇಷ್ಮೆಯಲ್ಲಿಯೂ ಒಂದು ದಾರಿಯಿದೆ. ಸೀರೆಗಾದರೆ ಎಳೆ ತುಂಡಾಗಬಾರದು, ಅದಕ್ಕಾಗಿ ಗೂಡಿನೊಳಗಿನ ಜೀವವನ್ನು ಬಿಸಿ ಹಬೆಯಲ್ಲಿ ಕೊಲ್ಲುತ್ತಾರೆ (ಪೂಜೆಗೆ ಉಡುವ ಮಡಿಯ ವಿಷಯದಲ್ಲಿ ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ). ಔಷಧಕ್ಕಾದರೋ ಹೇಗಿದ್ದರೂ ಕರಗಿಸುವುದೇ ಆದ್ದರಿಂದ ಚಿಟ್ಟೆ ಹೊರಗೆ ಹಾರಿಹೋದ ತೂತುಗೂಡೂ ಆದೀತು.

ಆದರೆ ಮೈ ಸುಟ್ಟು ಪ್ರಾಣ ಅಪಾಯದಲ್ಲಿರುವಾಗ ಬಂಧುಗಳು ಆಸ್ಪತ್ರೆಯ ಬಾಗಿಲಲ್ಲಿ ಈ ಚರ್ಚೆ ಮಾಡುತ್ತ ನಿಲ್ಲಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಾವು ನಿತ್ಯ ನುಂಗುವ ಎಷ್ಟೋ ಕ್ಯಾಪ್ಸೂಲುಗಳ ಹೊರಕವಚ ಪ್ರಾಣಿಮೂಲದ ಜೆಲಟಿನ್. ನಮ್ಮ ಆಯುರ್ವೇದದಲ್ಲಿಯೂ ಕಸ್ತೂರಿ, ಗೋರೋಚನ, ಶಂಖಭಸ್ಮಗಳಿವೆ.

ಹಂದರ ಯಾವುದೇ ಇರಲಿ, ಬಳ್ಳಿಗೆ ಜೀವ ಬೇಕು. ಮಧುಮೇಹಿಗಳ ಪಾದದ ಹುಣ್ಣಿನಲ್ಲಿ ಸೋಲುವುದು ಇಲ್ಲಿಯೇ. ರಕ್ತದಲ್ಲಿ ಸಕ್ಕರೆ ಏರಿದ್ದರೆ ಗಾಯ ಮಾಯಿಸುವ ಜೀವಕೋಶಗಳು ಮಂಕಾಗುತ್ತವೆ. ಕಾಲಿಗೆ ರಕ್ತ ಸರಿಯಾಗಿ ಬರದಿದ್ದರೆ ಎಷ್ಟು ದುಬಾರಿಯ ಹಾಳೆ ಹಾಕಿದರೂ ಅದರೊಳಗೆ ಏನೂ ಬೆಳೆಯದು. ನರಗಳ ಸ್ಪರ್ಶಜ್ಞಾನ ಕುಂದಿರುವುದರಿಂದ ನೋವೂ ತಿಳಿಯುವುದಿಲ್ಲ. ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆಯುವ ಭಕ್ತರಲ್ಲಿ ಮಧುಮೇಹ ಉಳ್ಳವರು ದಯವಿಟ್ಟು ಗಮನಿಸಬೇಕು. ಕಾದ ಡಾಂಬರು ರಸ್ತೆಯಲ್ಲಿ ಎದ್ದ ಬೊಕ್ಕೆ ನಿಮಗೆ ಗೊತ್ತಾಗುವುದೇ ಇಲ್ಲ. ಮೆತ್ತನೆಯ ಪಾದರಕ್ಷೆ ಧರಿಸಿ ನಡೆಯಿರಿ, ಪ್ರತಿ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿರಿ ಅಥವಾ ಜೊತೆಯವರಿಗೆ ತೋರಿಸಿರಿ. ಗಾಯ ಕಂಡರೆ ಅಲ್ಲಿಗೇ ನಡಿಗೆ ನಿಲ್ಲಿಸಿ ವೈದ್ಯರ ಬಳಿಗೆ ಹೋಗಿರಿ.

ಸುಟ್ಟ ಗಾಯಕ್ಕೆ ತಕ್ಷಣ ಬೇಕಾದುದು ತಣ್ಣೀರು. ಹರಿಯುವ ನೀರಿನ ಕೆಳಗೆ 20 ನಿಮಿಷ ಹಿಡಿದು, ಸ್ವಚ್ಛವಾದ ಬಟ್ಟೆ ಹೊದಿಸಿ ಕರೆತನ್ನಿರಿ. ಟೂತ್‌ಪೇಸ್ಟ್, ಶಾಯಿ, ವಿಭೂತಿ, ಅಡುಗೆಮನೆಯ ತುಪ್ಪ ಯಾವುದನ್ನೂ ಸವರಬೇಡಿರಿ. ಜಾತ್ಯಾದಿ ಘೃತದಂತಹ ರೋಪಣ ಔಷಧಗಳಿಗೆ ಕಾಲವಿದೆ; ಅದು ಗಾಯ ಶುದ್ಧವಾದ ಮೇಲೆ, ವೈದ್ಯರು ನೋಡಿ ಹೇಳಿದ ಮೇಲೆ.

ಆಹಾರದ ವಿಷಯದಲ್ಲಿ ಒಂದು ಮಾತು. ಕೊಲಾಜೆನ್ ಪುಡಿ ಕುಡಿದರೆ ಚರ್ಮವೂ ಮೊಣಕಾಲೂ ಹೊಸದಾಗುತ್ತವೆಂದು ಜಾಹೀರಾತುಗಳು ಹೇಳುತ್ತವೆ. ಬಾಯಿಂದ ತೆಗೆದುಕೊಂಡ ಕೊಲಾಜೆನ್ ಬೇರೆ ಪ್ರೋಟೀನುಗಳಂತೆ ಜಠರಾಗ್ನಿಯಲ್ಲಿ ಒಡೆಯುತ್ತದೆ, ಯಥಾವತ್ತಾಗಿ ಮೊಣಕಾಲಿಗೆ ಹೋಗಿ ಕೂರುವುದಿಲ್ಲ. ಶರೀರವು ತನ್ನ ಕೊಲಾಜೆನ್ನನ್ನು ತಾನೇ ಕಟ್ಟಿಕೊಳ್ಳಬೇಕು, ಅದಕ್ಕೆ ಸಿ ಜೀವಸತ್ವ ಅನಿವಾರ್ಯ. ಅದು ತೀರ ಕಡಿಮೆಯಾದರೆ ಎಂದೋ ಮಾಯ್ದ ಹಳೆಯ ಗಾಯಗಳೂ ಮತ್ತೆ ಬಾಯಿ ತೆರೆಯುವುದುಂಟು. ಗಾಯವಿರುವವರಿಗೆ ತೊಗರಿ, ಹೆಸರುಬೇಳೆ, ಹಾಲು, ಮಜ್ಜಿಗೆ, ಬೆಟ್ಟದ ನೆಲ್ಲಿಕಾಯಿ, ಸೀಬೆಹಣ್ಣು ಹಿತ. ಆಯಾ ಊರಿನಲ್ಲಿ ಗಾಯಕ್ಕೆ ಬೇಳೆ ಕೀವು ಮಾಡುತ್ತದೆಂದು ಪಥ್ಯ ಹಿಡಿಸುವ ರೂಢಿಯಿದೆ, ಅದನ್ನು ಬಿಡಬೇಕು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಬೇಳೆಯ ಪ್ರಮಾಣವನ್ನು ತಮ್ಮ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.