ಹದ್ದಿನ ಮೊಟ್ಟೆ ಕಲಿಸಿದ ಪಾಠ



ಜುಲೈ 4 ಅಮೆರಿಕ ದೇಶದ ಸ್ವಾತಂತ್ರ್ಯ ದಿನ. ನಮ್ಮಲ್ಲಿ ಆಗ ಜಡಿಮಳೆ, ಅಡಿಕೆ ತೋಟದಲ್ಲಿ ಕೊಳೆರೋಗದ ಚಿಂತೆ. ಅಲ್ಲಿ ಬೇಸಗೆ, ಊರೆಲ್ಲ ಹಬ್ಬ. ಆ ದೇಶದಲ್ಲಿ ಕೆಲಸದಲ್ಲಿರುವ ನಮ್ಮವರ ಮಕ್ಕಳು ಮೆರವಣಿಗೆಯ, ಬಾಣಬಿರುಸಿನ ಚಿತ್ರಗಳನ್ನು ಮನೆಗೆ ಕಳುಹಿಸುತ್ತಾರೆ. ಅಂಥ ಒಂದು ಚಿತ್ರವನ್ನು ತೋರಿಸಿ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ, "ಫಾದರ್, ಈ ಬಿಳಿ ತಲೆಯ ಹಕ್ಕಿ ನಮ್ಮ ಗರುಡವೇ?" ಎಂದು ಕೇಳಿದರು. ಉತ್ತರ ಹುಡುಕುತ್ತಾ ಹೊರಟ ನಾವು ಕೊನೆಗೆ ಬಂದು ನಿಂತದ್ದು ನಮ್ಮದೇ ತೋಟದ ಬಾಗಿಲಲ್ಲಿ. ಆದುದರಿಂದ ಈ ಸಲ ಅದನ್ನೇ ಪಾಠವಾಗಿ ತೆಗೆದುಕೊಳ್ಳೋಣ.

ಹಬ್ಬದ ಹಿನ್ನೆಲೆ

ಬ್ರಿಟಿಷರ ಕೈಕೆಳಗಿದ್ದ 13 ವಸಾಹತುಗಳ ಪ್ರತಿನಿಧಿಗಳು 1776ರ ಜುಲೈ 2ರಂದು ಸ್ವಾತಂತ್ರ್ಯದ ನಿರ್ಧಾರ ಕೈಗೊಂಡರು. ಅದನ್ನು ಸಾರುವ ಘೋಷಣಾ ಪತ್ರವನ್ನು ಅಂಗೀಕರಿಸಿದ್ದು ಜುಲೈ 4ರಂದು. ಆ ದಿನವೇ ಹಬ್ಬವಾಗಿ ಉಳಿಯಿತು. ಪತ್ರಕ್ಕೆ ಸಹಿ ಹಾಕಿದವರಲ್ಲಿ ಕಥೋಲಿಕರು ಒಬ್ಬರೇ. ಅವರು ಮೇರಿಲ್ಯಾಂಡಿನ ಚಾರ್ಲ್ಸ್ ಕ್ಯಾರೊಲ್. ಸಹಿ ಹಾಕಿದವರೆಲ್ಲರಿಗಿಂತ ಕೊನೆಯಲ್ಲಿ, 1832ರಲ್ಲಿ, ಅವರು ತೀರಿಕೊಂಡರು. 2026ಕ್ಕೆ ಆ ಘೋಷಣೆಗೆ 250 ವರ್ಷ.

ಹೊಸ ರಾಷ್ಟ್ರಕ್ಕೆ ಒಂದು ಮುದ್ರೆ ಬೇಕಾಯಿತು. 1782ರ ಜೂನ್ 20ರಂದು ಒಪ್ಪಿಗೆಯಾದ ಆ ಮುದ್ರೆಯಲ್ಲಿ ಹದ್ದಿನ ಒಂದು ಕಾಲಲ್ಲಿ ಶಾಂತಿಯ ಆಲಿವ್ ಕೊಂಬೆ, ಇನ್ನೊಂದರಲ್ಲಿ 13 ಬಾಣಗಳು. ಆದರೂ ಕಾನೂನಿನ ಮೂಲಕ ಅದು 'ರಾಷ್ಟ್ರ ಪಕ್ಷಿ' ಎನಿಸಿಕೊಂಡದ್ದು 2024ರ ಡಿಸೆಂಬರಿನಲ್ಲಿ ಮಾತ್ರ!

ಹಕ್ಕಿಯ ಪರಿಚಯ

ಅದರ ಹೆಸರು ಬೋಳು ಹದ್ದು. ಆದರೆ ತಲೆ ಬೋಳಲ್ಲ, ಬಿಳಿ ಗರಿಗಳಿಂದ ತುಂಬಿದೆ. ಇಂಗ್ಲಿಷಿನ ಆ ಹಳೆಯ ಪದಕ್ಕೆ 'ಬಿಳಿ' ಎಂಬ ಅರ್ಥವೂ ಇತ್ತು. ಮರಿಗಳು ಕಂದು ಬಣ್ಣದವು. ತಲೆ ಮತ್ತು ಬಾಲ ಪೂರ್ತಿ ಬೆಳ್ಳಗಾಗಲು ಸುಮಾರು 5 ವರ್ಷ ಬೇಕು. ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು 2 ಮೀಟರ್. ಗಂಡಿಗಿಂತ ಹೆಣ್ಣು ದೊಡ್ಡದು. ಮುಖ್ಯ ಆಹಾರ ಮೀನು. ಒಂದೇ ಗೂಡಿಗೆ ವರ್ಷ ವರ್ಷವೂ ಕಡ್ಡಿ ಸೇರಿಸುತ್ತಾ ಹೋಗುತ್ತದೆ. ಫ್ಲಾರಿಡಾದಲ್ಲಿ ಅಳೆದ ಒಂದು ಗೂಡು ಸುಮಾರು 6 ಮೀಟರ್ ಆಳವಿತ್ತು! ಒಂದು ಸಲಕ್ಕೆ 1ರಿಂದ 3 ಮೊಟ್ಟೆ. ಸುಮಾರು 35 ದಿನ ಕಾವು.

ಆ ತಾಯಿಯ ಪ್ರಶ್ನೆಗೆ ಉತ್ತರ: ಅದು ನಮ್ಮ ಗರುಡವಲ್ಲ. ನಮ್ಮ ಗರುಡನಿಗೆ ತಲೆಯ ಜೊತೆ ಎದೆಯೂ ಬಿಳಿ, ಮೈ ಇಟ್ಟಿಗೆ ಬಣ್ಣ. ಆದರೆ ನಮ್ಮ ಕಾಸರಗೋಡಿನ ಕಡಲ ತೀರದ ಎತ್ತರದ ಮರಗಳಲ್ಲಿ ಗೂಡು ಕಟ್ಟುವ ಬಿಳಿ ಹೊಟ್ಟೆಯ ಕಡಲ ಹದ್ದು ಅದರ ಹತ್ತಿರದ ಬಳಗಕ್ಕೆ ಸೇರಿದ್ದು. ಅಂದರೆ ಅಮೆರಿಕದ ಹದ್ದಿನ ನೆಂಟರು ನಮ್ಮಲ್ಲೂ ಇದ್ದಾರೆ.

ಮೊಟ್ಟೆ ಒಡೆದದ್ದು ಹೇಗೆ?

ಮುದ್ರೆಯಲ್ಲಿ, ನಾಣ್ಯದಲ್ಲಿ ಹದ್ದು ಮೆರೆಯುತ್ತಿದ್ದಾಗಲೇ ಕಾಡಿನಲ್ಲಿ ಅದು ಅಳಿಯತೊಡಗಿತ್ತು. ಮೊದಲು ಬೇಟೆ, ಮರಗಳ ನಾಶ. ಎರಡನೇ ಮಹಾಯುದ್ಧದ ನಂತರ ಡಿಡಿಟಿ. ಅದರ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಪೌಲ್ ಮ್ಯುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಬಹುಮಾನ ಬಂತು. ಸೊಳ್ಳೆ ಸತ್ತಿತು, ಮಲೇರಿಯಾ ತಗ್ಗಿತು, ಅದು ಸುಳ್ಳಲ್ಲ. ಆದರೆ ಡಿಡಿಟಿ ಬೇಗ ಕರಗಿ ಹೋಗುವ ವಸ್ತುವಲ್ಲ. ಮಳೆ ನೀರಿನೊಂದಿಗೆ ಹೊಳೆ ಸೇರಿ ಸಣ್ಣ ಜೀವಿಗಳ ಮೈಯಲ್ಲಿ ಉಳಿಯುತ್ತದೆ. ಅವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು, ದೊಡ್ಡ ಮೀನನ್ನು ಹದ್ದು ತಿನ್ನುತ್ತದೆ. ಮೆಟ್ಟಿಲು ಏರಿದಂತೆ ವಿಷದ ಪ್ರಮಾಣವೂ ಏರುತ್ತದೆ. ಹದ್ದು ಅದರಿಂದ ಕೂಡಲೇ ಸಾಯಲಿಲ್ಲ. ಆದರೆ ಮೊಟ್ಟೆಯ ಚಿಪ್ಪಿಗೆ ಸುಣ್ಣದ ಅಂಶ ಸೇರದೆ ಹೋಯಿತು. ಕಾವು ಕೊಡಲು ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯಿತು.

1963ರ ಎಣಿಕೆಯಲ್ಲಿ, ಅಲಾಸ್ಕ ಬಿಟ್ಟು ಉಳಿದ ಅಮೆರಿಕದಲ್ಲಿ, ಗೂಡು ಕಟ್ಟಿದ ಜೋಡಿಗಳು 500ಕ್ಕಿಂತಲೂ ಕಡಿಮೆ. ಅದರ ಹಿಂದಿನ ವರ್ಷವೇ ರೇಚಲ್ ಕಾರ್ಸನ್ ಎಂಬ ವಿಜ್ಞಾನಿ 'ಸೈಲೆಂಟ್ ಸ್ಪ್ರಿಂಗ್' ಎಂಬ ಪುಸ್ತಕ ಬರೆದು ಜನರನ್ನು ಎಚ್ಚರಿಸಿದ್ದರು. 1972ರಲ್ಲಿ ಅಮೆರಿಕ ಸರಕಾರ ಡಿಡಿಟಿಯ ಬಳಕೆಯನ್ನು ನಿಲ್ಲಿಸಿತು. ಗೂಡುಗಳಿಗೆ ರಕ್ಷಣೆ ಸಿಕ್ಕಿತು. 2007ರ ಜೂನ್ 28ರಂದು, ಸ್ವಾತಂತ್ರ್ಯ ದಿನಕ್ಕೆ ಆರು ದಿನ ಮುಂಚೆ, ಹದ್ದನ್ನು ಅಪಾಯದ ಪಟ್ಟಿಯಿಂದ ತೆಗೆಯಲಾಯಿತು. 2021ರ ಸರಕಾರಿ ವರದಿಯ ಪ್ರಕಾರ ಜೋಡಿಗಳ ಸಂಖ್ಯೆ 71,000 ದಾಟಿತ್ತು. ತಪ್ಪನ್ನು ತಿದ್ದಿಕೊಂಡರೆ ಸೃಷ್ಟಿ ಮತ್ತೆ ಚಿಗುರುತ್ತದೆ.

ನಮ್ಮ ಮಣ್ಣಿನ ಪಾಠ

ನಮ್ಮ ದೇಶದಲ್ಲಿ ಕೃಷಿಗೆ ಡಿಡಿಟಿ ಬಳಸುವುದನ್ನು 1989ರಲ್ಲಿ ನಿಷೇಧಿಸಲಾಯಿತು. ಆದರೆ ಅದೇ ಕ್ಲೋರಿನ್ ಗುಂಪಿನ ಎಂಡೋಸಲ್ಫಾನನ್ನು ಕಾಸರಗೋಡಿನ ಗೇರು ಗುಡ್ಡಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಚೆಲ್ಲಲಾಯಿತು. ಗುಡ್ಡದ ಕೆಳಗೆ ಮನೆ, ಬಾವಿ, ಸುರಂಗ, ತೋಡು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಕಡೆಯ ಮನೆಗಳಲ್ಲಿ ಏನಾಯಿತೆಂದು ನಾವು ಹೇಳಬೇಕಾಗಿಲ್ಲ. ಎದ್ದು ನಡೆಯಲಾರದ ಮಗುವನ್ನು ಇಪ್ಪತ್ತು ವರ್ಷ ಎತ್ತಿಕೊಂಡೇ ಸಾಕಿದ ತಾಯಂದಿರು ನಮ್ಮ ನಡುವೆ ಇದ್ದಾರೆ. ಕೃಷಿ ಪತ್ರಕರ್ತ ಶ್ರೀಪಡ್ರೆ, ವೈದ್ಯ ಡಾ. ಮೋಹನ ಕುಮಾರ್ ಮೊದಲಾದವರು ಈ ಸಂಕಟವನ್ನು ಲೋಕಕ್ಕೆ ತಿಳಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದರ ತಯಾರಿ, ಮಾರಾಟ, ಬಳಕೆಗೆ ತಡೆ ಹಾಕಿತು.

ಅಮೆರಿಕದಲ್ಲಿ ಹದ್ದು ಎಚ್ಚರಿಸಿತು. ನಮ್ಮಲ್ಲಿ ಮಕ್ಕಳೇ ಎಚ್ಚರಿಸಬೇಕಾಯಿತು. ಇನ್ನಾದರೂ ಈ ಕೆಳಗಿನವುಗಳನ್ನು ಪಾಲಿಸೋಣ:

1. ಔಷಧದ ಡಬ್ಬಿಯ ಮೇಲಿನ ಬಣ್ಣ ನೋಡಿ. ಕೆಂಪು ಅತ್ಯಂತ ವಿಷ, ಅದರ ನಂತರ ಹಳದಿ, ಮತ್ತೆ ನೀಲಿ, ಕೊನೆಗೆ ಹಸಿರು. ಹಸಿರು ಎಂದರೂ ಪೂರ್ತಿ ನಿರಪಾಯವೆಂದು ಅರ್ಥವಲ್ಲ.

2. ಗಾಳಿಗೆ ಎದುರಾಗಿ ಸಿಂಪಡಿಸಬೇಡಿ. ಮೈ ಮುಚ್ಚುವ ಬಟ್ಟೆ, ಕೈಗವಸು, ಮುಖಕ್ಕೆ ಮಾಸ್ಕ್ ಇರಲಿ. ನಡುವೆ ಎಲೆಯಡಿಕೆ, ಬೀಡಿ ಬೇಡ. ಮೈಲುತುತ್ತಿನ ದ್ರಾವಣ ಬಿಡುವಾಗಲೂ ಹೀಗೆಯೇ.

3. ಬಾವಿಯನ್ನು ಮುಚ್ಚಿ. ತೋಡಿನಲ್ಲಿ ಪಂಪು ತೊಳೆಯಬೇಡಿ.

4. ಖಾಲಿ ಡಬ್ಬಿಯಲ್ಲಿ ಎಣ್ಣೆ, ನೀರು ತುಂಬಿಸಬೇಡಿ. ತೂತು ಮಾಡಿ, ನೀರಿನಿಂದ ದೂರ ಹೂಳಿ.

5. ಸಿಂಪಡಿಸಿದ ಮೇಲೆ ಎಷ್ಟು ದಿನ ಕಾದು ಕೊಯ್ಯಬೇಕೆಂದು ಚೀಟಿಯಲ್ಲಿ ಬರೆದಿರುತ್ತದೆ. ಪೇಟೆಯಲ್ಲಿ ಕ್ರಯ ಇದೆಯೆಂದು ಅದಕ್ಕೆ ಮುಂಚೆ ಕೊಯ್ಯುವುದು ಇನ್ನೊಬ್ಬರ ಮಗುವಿಗೆ ವಿಷ ಕೊಟ್ಟಂತೆ.

6. ಯಾರಿಗಾದರೂ ವಿಷ ತಗಲಿದರೆ ಬಟ್ಟೆ ಬದಲಾಯಿಸಿ, ಸೋಪಿನಿಂದ ಮೈ ತೊಳೆದು, ಡಬ್ಬಿಯ ಚೀಟಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಒತ್ತಾಯದಿಂದ ವಾಂತಿ ಮಾಡಿಸಬೇಡಿ.

ಮೂರು ಬಣ್ಣದ ಹಣ್ಣಿನ ಬಟ್ಟಲು

ಹಬ್ಬವೆಂದ ಮೇಲೆ ಸಿಹಿ ಬೇಡವೇ? ಅಮೆರಿಕದವರು ಆ ದಿನ ತಮ್ಮ ಧ್ವಜದ ಕೆಂಪು, ಬಿಳಿ, ನೀಲಿ ಬಣ್ಣಗಳಲ್ಲಿ ಹಣ್ಣಿನ ತಿಂಡಿ ಮಾಡುತ್ತಾರೆ. ಎರಡು ಲೋಟ ಸ್ಟ್ರಾಬೆರಿ ಹೆಚ್ಚಿ, ಎರಡು ಚಮಚ ಸಕ್ಕರೆ ಬೆರೆಸಿ ಅರ್ಧ ಗಂಟೆ ಇಡಬೇಕು, ರಸ ಬಿಡುತ್ತದೆ. ಗಾಜಿನ ಬಟ್ಟಲಿನ ತಳಕ್ಕೆ ಕೇಕಿನ ತುಂಡು, ಅದರ ಮೇಲೆ ಸ್ಟ್ರಾಬೆರಿ, ಕಡೆದ ಕೆನೆ, ಮೇಲೆ ಒಂದು ಲೋಟ ಬ್ಲೂಬೆರಿ. ಬ್ಲೂಬೆರಿ ಅಲ್ಲಿನ ಕಾಡು ಹಣ್ಣು. ನ್ಯೂಜೆರ್ಸಿಯ ಎಲಿಜಬೆತ್ ವೈಟ್ ಎಂಬ ಕೃಷಿಕ ಮಹಿಳೆ ಮತ್ತು ವಿಜ್ಞಾನಿ ಫ್ರೆಡರಿಕ್ ಕೋವಿಲ್ ಅದನ್ನು ತೋಟದ ಬೆಳೆಯಾಗಿ ಮಾಡಿ, 1916ರಲ್ಲಿ ಮೊದಲ ಫಸಲು ಮಾರಿದರು.

ನಮ್ಮ ಮನೆಯಲ್ಲಿ? ಕೆಂಪಿಗೆ ದಾಳಿಂಬೆ, ಬಿಳಿಗೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು, ನೀಲಿಗೆ ಬೀಜ ತೆಗೆದ ನೇರಳೆ. ಅದೂ ಇಲ್ಲದಿದ್ದರೆ ಬಾಳೆಹಣ್ಣು, ತೆಂಗಿನ ಹಾಲು, ಬೆಲ್ಲ, ಏಲಕ್ಕಿಯ ನಮ್ಮ ರಸಾಯನವೇ ಸಾಕು. ಹಣ್ಣುಗಳನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ, ಸೋಪು ಬೇಡ. ತೊಳೆದರೆ ಹೋಗುವುದು ಸಿಪ್ಪೆಯ ಮೇಲಿನದ್ದು ಮಾತ್ರ. ಒಳಗೆ ಇಳಿದದ್ದು ಹೋಗುವುದಿಲ್ಲ. ತಟ್ಟೆಯಲ್ಲಿ ರಸಾಯನ ಇರಲಿ, ರಾಸಾಯನಿಕ ಬೇಡ.

ಮನೆಯಲ್ಲಿ ಮಾತಾಡಿಕೊಳ್ಳಲು

ನಮ್ಮ ಮನೆಯಲ್ಲಿ ಔಷಧದ ಡಬ್ಬಿ ಎಲ್ಲಿದೆ? ಮಕ್ಕಳ ಕೈಗೆ ಸಿಗುತ್ತದೆಯೇ? ನಾವು ಸಿಂಪಡಿಸಿದ ನೀರು ಹರಿದು ಯಾರ ಬಾವಿಗೆ ಸೇರುತ್ತದೆ? ಈ ಭಾನುವಾರ ಊಟದ ಹೊತ್ತಿಗೆ ಎಲ್ಲರೂ ಕುಳಿತು ಯೋಚಿಸಿರಿ. ದೇಶಪ್ರೇಮ ಎಂದರೆ ಬಾವುಟ ಹಾರಿಸುವುದಷ್ಟೇ ಅಲ್ಲ. ಆ ಬಾವುಟದ ಕೆಳಗಿನ ಮಣ್ಣನ್ನೂ ನೀರನ್ನೂ ಮುಂದಿನವರಿಗೆ ಶುದ್ಧವಾಗಿ ಒಪ್ಪಿಸುವುದು.